ಮನಿಲಾ ಮಾಸ್ತರರೊಡನೆ ಕುಡಚಿಯಿಂದ ಬಾಗಲಕೋಟೆಗೆ

ಸಿಂಗಾಪುರ ಜಪಾನಿಯರ ಕೈಸೇರಿದ ಮರುವರ್ಷದ ಬೇಸಿಗೆ. ಹುಬ್ಬಳ್ಳಿಯಲ್ಲಿ ನಸುಕಿನ ರೈಲು ಹಿಡಿದು ಲೋಂಡಾ, ಬೆಳಗಾವಿ ದಾಟಿ ಕುಡಚಿ ಸ್ಟೇಷನ್ನಿನಲ್ಲಿ ನಾನು ಇಳಿದಾಗ ಹೊತ್ತು ಇಳಿಮುಖವಾಗಿತ್ತು. ಮೂರನೆಯ ದರ್ಜೆಯ ಡಬ್ಬಿಯ ತುಂಬ ಸಿಪಾಯಿಗಳೇ ಇದ್ದುದರಿಂದ ಬೆಳಗಾವಿಯವರೆಗೆ ನಿಂತೇ ಬಂದಿದ್ದೆ. ಕೈಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ನನ್ನ ಹತಾರಗಳು, ಇನ್ನೊಂದರಲ್ಲಿ ಬೆಸುಗೆ ಹಾಕಿ ಸರಿಪಡಿಸಿದ ಎರಡು ಕಾರ್ನೆಟ್ಟು, ಹಿತ್ತಾಳೆಯ ಗಿಡ್ಡ ಕಹಳೆಗಳು. ಹಾರ್ಮೋನಿಯಂ ಮತ್ತು ಬ್ಯಾಂಡ್ ವಾದ್ಯಗಳ ರಿಪೇರಿ ನನ್ನ ಕಸುಬು. ಬನಹಟ್ಟಿಯ ಚನ್ನಮಲ್ಲಪ್ಪ ಎಂಬ ನೇಕಾರರು ಹತ್ತು ಜನರ ಒಂದು ಮದುವೆ ಬ್ಯಾಂಡು ಕಟ್ಟಿದ್ದರು. ಆ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಸಾಲಾಗಿ ಮೂರು ಮದುವೆ ಒಪ್ಪಿಕೊಂಡಿದ್ದರು. ದಾರಿಯಲ್ಲಿ ವಾದ್ಯ ಕೈಕೊಟ್ಟರೆ ಬೇಕಾದೀತೆಂದು ನನ್ನನ್ನೂ ಜೊತೆಗೆ ಬರಹೇಳಿದ್ದರು.

ಊರು ಬಿಟ್ಟು ಹೊರಡಲು ನನಗೂ ಒಂದು ಕಾರಣವಿತ್ತು. ಹಿಂದಿನ ಆಗಸ್ಟಿನ ಗಲಾಟೆಯಲ್ಲಿ ನನ್ನ ತಮ್ಮ ತನ್ನ ಶಾಲೆಯ ಮುಂದೆ ನಿಶಾನೆ ಹಿಡಿದು ಹಾಡು ಹೇಳಿ ಜೈಲು ಸೇರಿದ್ದ. ಅಂದಿನಿಂದ ಅಂಗಡಿಗೆ ಸಾದಾ ಉಡುಪಿನ ಒಬ್ಬ ಪೊಲೀಸ ವಾರಕ್ಕೆರಡು ಸಲ ಬಂದು, ಕೊಳ್ಳುವವನಂತೆ ಹಾರ್ಮೋನಿಯಂ ಮುಟ್ಟಿನೋಡಿ ಹೋಗುತ್ತಿದ್ದ. ಯಾರು ಏನು ಕೇಳಿದರೂ ಮೊದಲು ಇವರೇಕೆ ಕೇಳುತ್ತಾರೆ ಎಂದು ಯೋಚಿಸುವ ಚಟ ನನಗೆ ಹತ್ತಿದ್ದು ಆಗಲೇ.

ಸ್ಟೇಷನ್ನಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಒಬ್ಬರು ಕುಳಿತಿದ್ದರು. ಐವತ್ತರ ಆಚೀಚಿನ ವಯಸ್ಸು, ಗಿಡ್ಡ ಆಳು, ಕಿರಿದಾದ ಕಣ್ಣು, ಮೊಂಡು ಮೂಗು. ಬಿಸಿಲಲ್ಲೂ ಕರಿ ಕೋಟು. ಮಡಿಲಲ್ಲಿ ಚರ್ಮದ ಕಪ್ಪು ಪೆಟ್ಟಿಗೆ. ಜಪಾನಿಯರ ಮುಖಗಳನ್ನು ಪತ್ರಿಕೆಯಲ್ಲಿ, ಪೋಸ್ಟಾಫೀಸಿನ ಗೋಡೆಗೆ ಹಚ್ಚಿದ ಚಿತ್ರಗಳಲ್ಲಿ ನೋಡಿದ್ದೆ. ನನ್ನ ಕಾಲು ತಾನಾಗಿಯೇ ಕಟ್ಟೆಯ ಆಚೆ ಬದಿಗೆ ಹೋಯಿತು.

ಬಸ್ಸು ಬಂತು. ಪೆಟ್ರೋಲ್ ಇಲ್ಲದ ಕಾಲ. ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿಕೊಂಡು ಹೊಗೆಯುಗುಳುತ್ತ ಓಡುವ ಗಾಡಿ. ರಬಕವಿಗೆ ಇಪ್ಪತ್ತು ಮೈಲು, ಹದಿನಾಲ್ಕು ಆಣೆ. ಕರಿಕೋಟಿನವರು ನನ್ನ ಪಕ್ಕದಲ್ಲೇ ಕುಳಿತರು. ಏರು ಬಂದಲ್ಲೆಲ್ಲ ಇಳಿದು ನೂಕಬೇಕಾಯಿತು, ಅವರೂ ಕೋಟಿನ ತೋಳು ಮಡಚಿ ನೂಕಿದರು. ಮತ್ತೆ ಕುಳಿತಾಗ ಹಿಂದೂಸ್ತಾನಿಯಲ್ಲಿ ಕೇಳಿದರು: ಈ ಕಡೆ ಯಾವ ಹೊಳೆ ಹರಿಯುತ್ತದೆ, ಎಷ್ಟು ಅಗಲ, ರೈಲಿನ ಸೇತುವೆ ಬಿಟ್ಟರೆ ಬೇರೆ ಸೇತುವೆ ಇದೆಯೇ? ನಾನು ಕಿವಿ ಕೇಳಿಸದವನಂತೆ ಹೊರಗೆ ನೋಡಿದೆ. ಅವರು ಕೋಟಿನ ಒಳಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಮೈಲಿಗಲ್ಲು ನೋಡಿ ಏನೋ ಬರೆದುಕೊಂಡರು.

ಅವರು ಎಲ್ಲಿ ಇಳಿಯುತ್ತಾರೋ ಅಲ್ಲಿಂದ ದೂರ ಇಳಿಯಬೇಕೆಂದು ಗೊತ್ತು ಮಾಡಿಕೊಂಡಿದ್ದೆ. ಆದರೆ ರಬಕವಿಯ ನಾಕಾದ ಹತ್ತಿರ ಚನ್ನಮಲ್ಲಪ್ಪನವರು ಚಕ್ಕಡಿ ಕಟ್ಟಿಸಿಕೊಂಡು ನಿಂತಿದ್ದರು, ನಮ್ಮಿಬ್ಬರನ್ನೂ ಒಂದೇ ಚಕ್ಕಡಿಗೆ ಹತ್ತಿಸಿದರು. ಸೀರೆ ವ್ಯಾಪಾರಕ್ಕೆ ಮುಂಬೈಗೆ ಹೋದಾಗ ಗೊತ್ತು ಮಾಡಿಬಂದ ಬ್ಯಾಂಡ್ ಮಾಸ್ತರರು ಇವರೇ ಅಂತೆ. ಮುಂಬೈ ಮಾಸ್ತರ ಬರುತ್ತಾನೆಂದು ಕಾಗದದಲ್ಲಿ ಓದಿದಾಗ ನಾನು ಯಾರೋ ಗೋವೆಯವರೆಂದುಕೊಂಡಿದ್ದೆ. ಹೆಸರು ಇಸಿದ್ರೊ ಎಂದರು. ಊರು ಮನಿಲಾದ ಹತ್ತಿರ. ಮನಿಲಾ ಎಲ್ಲಿದೆ ಎಂದು ಚನ್ನಮಲ್ಲಪ್ಪನವರನ್ನು ಕೇಳಿದೆ.

“ಸಮುದ್ರದಾಗ ಐತಂತ್ರಿ. ಛಲೋ ಬಾರಸ್ತಾರ. ನನಗ ಅಷ್ಟ ಸಾಕು,” ಎಂದರು.

ನಾನು ನಾಲ್ಕು ವರ್ಷ ಮುಂಬೈಯಲ್ಲಿ ಕೆಲಸ ಕಲಿತವನು. ಬ್ಯಾಂಡಿನ ನೇಕಾರರಿಗೆ ಕನ್ನಡದ ಜೊತೆ ಪೇಟೆಯ ಮರಾಠಿ ಬರುತ್ತಿತ್ತು. ಇಸಿದ್ರೊ ಅವರ ಒಡಕು ಮುಂಬೈ ಹಿಂದೂಸ್ತಾನಿ ಪೂರಾ ತಿಳಿಯುತ್ತಿದ್ದುದು ನನಗೊಬ್ಬನಿಗೇ. ಹೀಗಾಗಿ ಅವರ ಮಾತಿನ ಹೊರೆ ನನ್ನ ಮೇಲೆ ಬಿತ್ತು.

ಬನಹಟ್ಟಿಯಲ್ಲಿ ಮೂರು ದಿನ ತಾಲೀಮು ನಡೆಯಿತು. ನಮಗಿಬ್ಬರಿಗೂ ಮಗ್ಗದ ಮನೆಯ ಪಡಸಾಲೆಯಲ್ಲೇ ಹಾಸಿಗೆ. ಬೆಳಕು ಹರಿಯುತ್ತಲೇ ಓಣಿಯ ತುಂಬ ಮಗ್ಗಗಳ ಸದ್ದು ಸುರುವಾಗುತ್ತಿತ್ತು. ಮಧ್ಯಾಹ್ನ ರೊಟ್ಟಿ, ಝುಣಕ, ಶೇಂಗಾ ಹಿಂಡಿ. ಸಕ್ಕರೆ ರೇಶನ್ನಿಗೆ ಬಿದ್ದಿದ್ದರಿಂದ ಚಹಾಕ್ಕೆ ಬೆಲ್ಲ. ಮಾಸ್ತರರು ಖಾರಕ್ಕೆ ಕಣ್ಣೀರು ಹಾಕುತ್ತಲೇ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಕಲಿಸುವುದರಲ್ಲಿ ಎರಡು ಮಾತಿಲ್ಲ. ಲಾಳಿ ಎಸೆಯುವ ಕೈಗಳಿಗೆ ತಾಳ ಮೊದಲೇ ಗೊತ್ತಿದೆ ಎಂದು ಮಗ್ಗದ ಸದ್ದಿಗೇ ಹೆಜ್ಜೆ ಕೂಡಿಸಿ ತೋರಿಸಿದರು. ಮೂರನೆಯ ದಿನಕ್ಕೆ ಹತ್ತೂ ಜನ ಒಂದೇ ಉಸಿರಿನಲ್ಲಿ ಊದತೊಡಗಿದ್ದರು.

ನನ್ನನ್ನು ಕಾಡಿದ್ದು ಬೇರೆ. ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಅವರು ಅಂಗಳಕ್ಕೆ ಹೋಗಿ ಮೂಡಣಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲುತ್ತಿದ್ದರು. ಬಲಗೈ ಎಡ ಎದೆಯ ಮೇಲೆ. ಬಾಯಿ ಮುಚ್ಚಿಯೇ ಮೂಗಿನಲ್ಲಿ ಒಂದು ಚಾಲು, ಶಬ್ದವಿಲ್ಲದ ಧಾಟಿ, ಗುನುಗುತ್ತಿದ್ದರು. ನಡಿಗೆ ಕವಾಯತಿನದು, ಆದರೆ ನಡುನಡುವೆ ಎಲ್ಲೋ ಅಳುವಿನ ಎಳೆ. ಮುಗಿದ ಮೇಲೆ ಕೈ ಇಳಿಸಿ, ಏನೂ ನಡೆಯಲಿಲ್ಲವೆಂಬಂತೆ ಮುಖ ತೊಳೆಯಲು ಹೋಗುವರು. ಹಾಸಿಗೆಯಲ್ಲಿ ಮಲಗಿಯೇ ಮಗ್ಗಕ್ಕೆ ಬಿಗಿದ ಹಾಸುನೂಲಿನ ಸಂದಿಯಿಂದ ಮೂರೂ ಬೆಳಗು ನೋಡಿದೆ. ಸೂರ್ಯನಿಗೆ ಸಲಾಮು ಹೊಡೆಯುವವರು ಜಪಾನಿಯರು ಎಂದು ಯಾರೋ ಹೇಳಿದ್ದು ನೆನಪಾಯಿತು.

ಎರಡನೆಯ ದಿನ ಅವರು ಸ್ನಾನಕ್ಕೆ ಹೋದಾಗ ಕೋಟನ್ನು ಮಗ್ಗದ ಅಡ್ಡೆಗೆ ನೇತುಹಾಕಿದ್ದರು. ನಾನು ಮುಟ್ಟಿದೆ, ಸುಳ್ಳು ಹೇಳುವುದಿಲ್ಲ. ಒಳಪದರಿಗೆ ಅಂಗೈಯಗಲದ ಬಟ್ಟೆ ಹೊಲಿದಿತ್ತು. ಮೇಲೆ ಕೆಂಪು, ಕೆಳಗೆ ನೀಲಿ, ಪಕ್ಕದಲ್ಲಿ ಬಿಳಿಯ ಮುಮ್ಮೂಲೆ, ಅದರ ನಡುವೆ ಕಿರಣ ಚಾಚಿದ ಹಳದಿ ಸೂರ್ಯ, ಮೂಲೆಗೊಂದು ನಕ್ಷತ್ರ. ಜೇಬಿನಲ್ಲಿ ಆ ಪುಸ್ತಕ. ಅರ್ಧ ಪುಸ್ತಕದ ತುಂಬ ಐದೈದು ಗೆರೆ, ಗೆರೆಗಳ ಮೇಲೆ ಬಾಲದ ಚುಕ್ಕೆಗಳು. ಅದು ಇಂಗ್ಲಿಷರ ಸ್ವರಲಿಪಿ ಎಂದು ನನಗೆ ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದೊಂದು ಚುಕ್ಕೆಗೆ ಒಂದೊಂದು ಅಕ್ಷರ ಇಟ್ಟುಕೊಂಡರೆ ಅದರಲ್ಲಿ ಯಾವ ಗುಟ್ಟನ್ನು ಬೇಕಾದರೂ ಬರೆಯಬಹುದಲ್ಲ ಎನ್ನಿಸಿತು. ಉಳಿದ ಅರ್ಧದಲ್ಲಿ ಸಣ್ಣ ಅಕ್ಷರದ ಬರಹ. ಅದರ ನಡುವೆ ಕುಡಚಿ, ತೇರದಾಳ, ರಬಕವಿ ಎಂಬ ಹೆಸರುಗಳು, ಹೆಸರಿನ ಮುಂದೆ ಮೈಲುಗಳು.

ನಾಲ್ಕನೆಯ ದಿನ ಎರಡು ಚಕ್ಕಡಿಗಳಲ್ಲಿ ಜಮಖಂಡಿಗೆ ಹೊರಟೆವು. ಒಂಬತ್ತು ಮೈಲಿನ ದಾರಿ, ನಸುಕಿನಲ್ಲಿ ಬಿಟ್ಟು ಬಿಸಿಲೇರುವ ಮೊದಲು ಮುಟ್ಟಿದೆವು. ಊರು ನೋಡಲು ಚೆಂದ. ಅಗಲವಾದ ಪೇಟೆ, ಗುಡ್ಡದ ಮೇಲೆ ಅರಸರ ಮನೆ, ಕಚೇರಿಗಳ ಮುಂದೆ ರುಮಾಲಿನವರ ಗುಂಪು. ಮದುವೆ ಒಬ್ಬ ಅರಳೆ ವ್ಯಾಪಾರಿಯ ಮನೆಯಲ್ಲಿ. ವರನ ಮೆರವಣಿಗೆಯಲ್ಲಿ ನಮ್ಮ ಬ್ಯಾಂಡು ನುಡಿಸಿದ್ದು ಕೇಳಿ ಪೇಟೆಯ ಜನ ಅಂಗಡಿ ಬಿಟ್ಟು ಹೊರಗೆ ಬಂದರು. ಚನ್ನಮಲ್ಲಪ್ಪನವರ ಎದೆ ಅರ್ಧ ಗೇಣು ಮುಂದೆ ಬಂದಿತ್ತು.

ಕೆಟ್ಟದ್ದು ಮರುದಿನ ಬೀಗರ ಊಟದಲ್ಲಿ. ಪಂಕ್ತಿಗೆ ಸಿಹಿ ಮಾದಲಿ ಬಡಿಸಿದ್ದರು. ಬನಹಟ್ಟಿಯಲ್ಲಿ ಪಕ್ಕದ ಮನೆಯವನೇ ಆದ ಕ್ಲಾರಿನೆಟ್ಟಿನ ಈರಪ್ಪನಿಗೆ ಮೂರು ಬೆಳಗಿನ ಗುನುಗು ಕೇಳಿ ಆ ಚಾಲು ಬಾಯಿಗೆ ಬಂದಿತ್ತು. ಮಾಸ್ತರರಿಗೆ ಸಂತೋಷವಾಗಲೆಂದು ಅದನ್ನೇ ಎತ್ತಿಕೊಂಡ, ಉಳಿದವರು ಹಿಂದಿನಿಂದ ಕೂಡಿಕೊಂಡರು. ಉಣ್ಣುತ್ತ ಕುಳಿತವರು ತಲೆದೂಗಿದರು. ಒಳಗಿದ್ದ ಮಾಸ್ತರರು ಎಲೆ ಬಿಟ್ಟೆದ್ದು ಓಡಿಬಂದು, ಈರಪ್ಪನ ಕ್ಲಾರಿನೆಟ್ಟನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ವ್ಯಾಪಾರಿ ಮುಖ ಕೆಂಪಗೆ ಮಾಡಿ ಇದೇನೆಂದು ಕೇಳಿದ. ಚನ್ನಮಲ್ಲಪ್ಪನವರು ನನ್ನತ್ತ ತಿರುಗಿದರು.

ಮಾಸ್ತರರು ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಇದು ಊಟಕ್ಕೆ, ಕುಣಿತಕ್ಕೆ ಬಾರಿಸುವ ಚಾಲಲ್ಲ. ಇದನ್ನು ನುಡಿಸಿದರೆ ಕೇಳುವವರೆಲ್ಲ ಎದ್ದು ನಿಲ್ಲಬೇಕು, ನಡೆಯುವವನೂ ಇದ್ದಲ್ಲೇ ನಿಲ್ಲಬೇಕು. ನಿಲ್ಲಲಾಗದ ಕಡೆ ಇದನ್ನು ನುಡಿಸಬಾರದು.

ಚನ್ನಮಲ್ಲಪ್ಪನವರು ಸಿಟ್ಟು ನುಂಗಿಕೊಂಡು ಹೇಳಿದರು: “ಸಂಸ್ಥಾನದ ಸಲಾಮಿ ಬಾರಸಿದ್ರ ನಾವೂ ನಿಲ್ಲತೇವ್ರಿ. ಇದು ಯಾವ ರಾಜಾನ ಸಲಾಮಿ, ಅದನ್ನ ಕೇಳ್ರಿ.”

ಕೇಳಿದೆ. ಮಾಸ್ತರರು ರಾಜನಿಲ್ಲ ಎಂದರು. ಹಾಗಾದರೆ ಯಾರದು ಎಂದೆ. ನೆಲದ್ದು ಎಂದರು.

ಅದನ್ನು ನಾನು ಪಂಕ್ತಿಗೆ ಹೇಳಲಿಲ್ಲ, ದೇವರ ಹಾಡೆಂದು ಏನೋ ಸುಳ್ಳು ಜೋಡಿಸಿ ಮುಗಿಸಿದೆ. ರಾಜನಿಲ್ಲದ ಸಲಾಮಿ ಎಂದರೆ ಆ ದಿನಗಳಲ್ಲಿ ಒಂದೇ ಅರ್ಥ. ಅಂಥದ್ದನ್ನು ಹಾಡಿಯೇ ನನ್ನ ತಮ್ಮ ಒಳಗೆ ಹೋಗಿದ್ದ. ಇವರು ಜಪಾನಿನ ಗೂಢಚಾರರಲ್ಲದಿದ್ದರೂ ನನ್ನ ಕುತ್ತಿಗೆಗೆ ಬರುವ ಮನುಷ್ಯರೇ ಎಂದು ಆ ಕ್ಷಣ ನಿಶ್ಚಯಿಸಿದೆ.

ಆರನೆಯ ದಿನ ಮುಧೋಳಕ್ಕೆ ಬಸ್ಸು ಸಿಕ್ಕಿತು. ಹನ್ನೆರಡು ಮೈಲು. ದಾರಿಯುದ್ದಕ್ಕೂ ಕೊಯ್ಲಾದ ಎರೆ ಹೊಲಗಳು, ಬಿರುಕು ಬಿಟ್ಟ ಕರಿನೆಲ. ಅಲ್ಲಿಯ ಮದುವೆ ಸಣ್ಣದು, ಮಧ್ಯಾಹ್ನಕ್ಕೇ ಮುಗಿಯಿತು. ಬಿಸಿಲು ತಗ್ಗಿದ ಮೇಲೆ ಮಾಸ್ತರರು ಹೊಳೆಗೆ ಹೊರಟರು. ಒಬ್ಬರನ್ನೇ ಬಿಡಬಾರದೆಂದು ನಾನೂ ಹೋದೆ. ಘಟಪ್ರಭೆ ಮರಳಿನ ನಡುವೆ ಮೂರು ಎಳೆಯಾಗಿ ಹರಿಯುತ್ತಿದ್ದಳು. ಹೆಂಗಸರು ಒರತೆ ತೋಡಿ ನೀರು ತುಂಬುತ್ತಿದ್ದರು. ಒಂದು ಬಂಡೆಯ ಮೇಲೆ ಕುಳಿತು, ಆ ಚಾಲು ಯಾವುದೆಂದು ನಾನೇ ಕೇಳಿದೆ. ಸಹಜವಾಗಿ ಕೇಳಿದಂತೆ ಕೇಳಿದೆ, ಒಳಗೆ ಮಾತ್ರ ಪ್ರತಿ ಮಾತನ್ನೂ ಸೋಸುತ್ತಿದ್ದೆ.

ಅವರು ಹೇಳಿದ್ದು ಇಷ್ಟು. ಅವರ ದೇಶ ಮುನ್ನೂರು ವರ್ಷಕ್ಕೂ ಮೇಲೆ ಸ್ಪೇನಿನವರ ಕೈಯಲ್ಲಿತ್ತು. ಇವರು ಐದು ವರ್ಷದವರಿದ್ದಾಗ ಜನ ತಿರುಗಿಬಿದ್ದು, ಒಂದು ಊರಿನಲ್ಲಿ ತಮ್ಮ ಮುಂದಾಳಿನ ಮನೆಯಿಂದ ಹೊಸ ನಿಶಾನೆ ತೋರಿಸಿ, ನಾವು ಸ್ವತಂತ್ರರಾದೆವೆಂದು ಸಾರಿದರು. ಆಗ ಒಂದು ಬ್ಯಾಂಡು ಮೊಟ್ಟಮೊದಲ ಸಲ ಈ ಚಾಲನ್ನು ನುಡಿಸಿತು. ಇವರು ಅಪ್ಪನ ಹೆಗಲ ಮೇಲಿದ್ದರು. ಅಪ್ಪ ಪಕ್ಕದ ಊರಿನ ಬ್ಯಾಂಡಿನಲ್ಲಿ ಕಹಳೆ ಊದುವವರು. ಆಗ ಅದಕ್ಕೆ ಶಬ್ದಗಳೇ ಇರಲಿಲ್ಲ, ಬರೀ ನಡಿಗೆಯ ಚಾಲು. ಶಬ್ದ ಬಂದದ್ದು ಮರುವರ್ಷ. ಒಬ್ಬ ಎಳೆಯ ಸಿಪಾಯಿ ಸ್ಪೇನಿನ ಭಾಷೆಯಲ್ಲೇ ಬರೆದ ಪದ್ಯ. ಚಾಲು ಕಟ್ಟಿದವನು ಅದರಲ್ಲಿ ಒಂದೆರಡು ಕಡೆ ಸ್ಪೇನಿನ ಹಳೆಯ ಅರಸರ ಸಲಾಮಿಯ ನೆನಪನ್ನು ಬೇಕೆಂದೇ ಇಟ್ಟಿದ್ದನಂತೆ.

ಸ್ಪೇನಿನವರು ಹೋದರು, ಅಮೆರಿಕದವರು ಬಂದು ಕುಳಿತರು. ಕೆಲವು ವರ್ಷಗಳ ಮೇಲೆ ಅವರು ನಿಶಾನೆಯನ್ನೂ ಈ ಚಾಲನ್ನೂ ಬಂದ್ ಮಾಡಿದರು. ಇವರ ಅಪ್ಪನ ಬ್ಯಾಂಡಿನವರು ಹೆಣದ ಮೆರವಣಿಗೆಯಲ್ಲಿ ಅದನ್ನು ಬಹಳ ನಿಧಾನಕ್ಕೆ, ಗುರುತು ಸಿಗದಂತೆ ನುಡಿಸುತ್ತಿದ್ದರು. ಗೊತ್ತಿದ್ದವರು ಟೊಪ್ಪಿಗೆ ತೆಗೆಯುತ್ತಿದ್ದರು. ಹನ್ನೆರಡು ವರ್ಷಗಳ ಮೇಲೆ ಆ ಬಂದ್ ತೆಗೆದರು. ಆ ದಿನ ಇವರೂ ಕಾರ್ನೆಟ್ಟು ಊದಿದರು, ಆದರೆ ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಮುಂದೆ ಹಡಗಿನ ಬ್ಯಾಂಡು ಸೇರಿ ಶಾಂಘೈ, ಕಲಕತ್ತೆ, ಮುಂಬೈ. ಈಗ ಮನಿಲಾದಲ್ಲಿ ಜಪಾನಿಯರಿದ್ದಾರೆ. ಅವರೂ ಅದನ್ನು ಬಂದ್ ಮಾಡಿದ್ದಾರೆಂದು ಮುಂಬೈ ಪತ್ರಿಕೆಯಲ್ಲಿ ಓದಿದರಂತೆ.

“ಅಲ್ಲಿ ಹೆಂಡತಿ, ಮಗಳು ಇದ್ದಾರೆ. ಅವರು ಬಾಯಿಬಿಟ್ಟು ಹಾಡುವಂತಿಲ್ಲ. ಅದಕ್ಕೇ ನಾನೂ ಬಾಯಿ ಮುಚ್ಚಿಯೇ ಹಾಡುತ್ತೇನೆ,” ಎಂದರು.

ಮಾತಿನಲ್ಲಿ ತಪ್ಪು ಹುಡುಕಲು ಸಿಗಲಿಲ್ಲ. ಅದೇ ನನಗೆ ಸಂಶಯವಾಯಿತು. ಬಾಯಿಪಾಠ ಮಾಡಿದವನ ಕಥೆಯೇ ಇಷ್ಟು ನೀಟಾಗಿರುತ್ತದೆ ಎಂದುಕೊಂಡೆ. ನಿಮ್ಮ ಕಡೆ ಜನ ಯಾವ ಹಾಡಿಗೆ ನಿಲ್ಲುತ್ತಾರೆ ಎಂದು ಅವರು ತಿರುಗಿ ಕೇಳಿದರು. ನಾನು ಊಟಕ್ಕೆ ಹೊತ್ತಾಯಿತೆಂದು ಎದ್ದೆ.

ಎಂಟನೆಯ ದಿನ ಬೀಳಗಿಯ ಬಸ್ಸು. ಇಪ್ಪತ್ತೈದು ಮೈಲಿಗೆ ಐದು ತಾಸು. ಇದ್ದಿಲಿನ ಒಲೆ ಎರಡು ಸಲ ಆರಿತು, ಬಿಸಿಗಾಳಿಗೆ ತುಟಿ ಒಡೆದವು. ಸಂಸ್ಥಾನದ ಎಲ್ಲೆ ದಾಟಿ ಬ್ರಿಟಿಷ್ ಮುಲುಕಿಗೆ ಬಂದ ಮೇಲೆ ಎಲ್ಲವೂ ಬಿಗಿಯಾಗಿತ್ತು. ಹಿಂದಿನ ವರ್ಷ ತಂತಿ ಕಡಿದು ಚಾವಡಿ ಸುಟ್ಟವರು ಇನ್ನೂ ಅಡವಿಯಲ್ಲಿದ್ದಾರೆಂಬ ಸುದ್ದಿಯಿತ್ತು. ಬೀಳಗಿಯ ಅಂಚಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಫೌಜದಾರರು ಹೆಸರು, ಊರು, ಕಸುಬು ಕೇಳುತ್ತಿದ್ದರು.

ನನ್ನ ಸರದಿ ಬಂತು. ಹುಬ್ಬಳ್ಳಿ ಎಂದೆ. ಓಣಿ ಕೇಳಿದರು, ಹೇಳಿದೆ. ಮನೆತನದ ಹೆಸರು ಕೇಳಿದರು, ಹೇಳಿದೆ. ಲೇಖಣಿ ನಿಲ್ಲಿಸಿ ನನ್ನ ಮುಖ ನೋಡಿದರು. ಸಿಟ್ಟೇನೂ ಇಲ್ಲದ, ದಣಿದ ಮುಖದ ನಡುವಯಸ್ಸಿನವರು.

“ಅಣ್ಣ ತಮ್ಮರು ಎಷ್ಟು ಮಂದಿ?” ಎಂದರು.

ಅಂಗಡಿಗೆ ಬರುತ್ತಿದ್ದ ಸಾದಾ ಉಡುಪಿನವನ ಮುಖ, ಮುಚ್ಚಿದ ಅಂಗಡಿಯ ಕದ, ಎರಡನೆಯ ಮಗನೂ ಹೋದನೆಂದು ಅವ್ವ ಅಳುವುದು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಬಾಯಿಂದ ಬೇರೆಯೇ ಮಾತು ಬಿತ್ತು.

“ಸಾಹೇಬ್ರ, ನನ್ನ ಬಿಡ್ರಿ. ಹೊರಗ ಕರಿಕೋಟಿನವರು ಕುಂತಾರಲ್ರಿ, ಅವರ ಒಳಗಿನ ಜೇಬಿನಾಗ ಒಂದು ಪುಸ್ತಕ ಐತಿ. ನೋಡ್ರಿ.”

ಫೌಜದಾರರು ಅಣ್ಣತಮ್ಮಂದಿರ ಮಾತು ಮರೆತರು. ಮಾಸ್ತರರನ್ನು ಒಳಗೆ ಕರೆಸಿದರು. ಸಾಮಾನು ನೋಡಲಿಲ್ಲ, ಅವರ ಕಾರ್ನೆಟ್ಟಿನ ಕಪ್ಪು ಪೆಟ್ಟಿಗೆ ತೆರೆಸಲಿಲ್ಲ, ನೇರವಾಗಿ ಕೋಟಿನ ಒಳಜೇಬಿಗೆ ಕೈ ಹಾಕಿಸಿದರು. ಪುಸ್ತಕ ಬಂತು, ಅದರ ಹಿಂದೆ ಒಳಪದರಿನ ನಿಶಾನೆಯೂ ಕಂಡಿತು. ಮಾಸ್ತರರು ನನ್ನತ್ತ ನೋಡಲಿಲ್ಲ. ಅವರ ಹತ್ತಿರ ಹೊರದೇಶದವರಿಗೆ ಮುಂಬೈ ಪೊಲೀಸರು ಕೊಡುವ ತಿರುಗಾಟದ ಪರವಾನಗಿ ಇತ್ತು, ಅದರಲ್ಲಿ ಜಮಖಂಡಿ, ಮುಧೋಳ ಎಂದಷ್ಟೇ ಬರೆದಿತ್ತು. ಬೀಳಗಿಯೂ ಅವುಗಳಂತೆ ಸಂಸ್ಥಾನಕ್ಕೆ ಸೇರಿದ ಊರೆಂದು ತಿಳಿದಿದ್ದರಂತೆ. ಫೌಜದಾರರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಸೂರ್ಯ ಏಕೆ, ನಕ್ಷತ್ರ ಏಕೆ ಎಂದು ಒಂದೊಂದಾಗಿ ಕೇಳಿದರು. ಮೂರು ನಕ್ಷತ್ರ ತಮ್ಮ ದೇಶದ ಮೂರು ಭಾಗ, ಸೂರ್ಯನ ಎಂಟು ಕಿರಣ ಮೊದಲು ಎದ್ದುನಿಂತ ಎಂಟು ಸೀಮೆಗಳು ಎಂದರು ಮಾಸ್ತರರು. ಸುಖದ ಕಾಲದಲ್ಲಿ ನೀಲಿ ಮೇಲಿರುತ್ತದೆ, ಯುದ್ಧ ಬಂದಾಗ ಅದೇ ನಿಶಾನೆಯನ್ನು ತಲೆಕೆಳಗು ಮಾಡಿ ಕೆಂಪು ಮೇಲೆ ಮಾಡುತ್ತಾರೆ. ಮನಿಲಾ ಬಿದ್ದ ಸುದ್ದಿ ಕೇಳಿದ ದಿನ ತಾವೇ ದಾರ ಬಿಚ್ಚಿ ತಿರುಗಿಸಿ ಹೊಲಿದದ್ದು ಎಂದರು.

ಫೌಜದಾರರು ನಂಬಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಚುಕ್ಕೆಗಳ ಹಾಳೆ ತಿರುವುತ್ತ, ಬಾಗಲಕೋಟೆಯಲ್ಲಿ ಇದನ್ನು ಓದುವವರಿದ್ದಾರೆ, ನಾಳೆ ಅಲ್ಲಿಗೇ ಹೋಗೋಣ ಎಂದರು. ನನ್ನತ್ತ ತಿರುಗಿ, “ಹೇಳಿದವ ನೀನ. ನೀನೂ ನಡಿ,” ಎಂದರು.

ಮದುವೆಗೆ ಬ್ಯಾಂಡು ಮಾಸ್ತರರಿಲ್ಲದೆಯೇ ಹೋಯಿತು. ಚನ್ನಮಲ್ಲಪ್ಪನವರು ಹೊರಡುವ ಮುಂಚೆ ಚೌಕಿಗೆ ಬಂದು, ಬುತ್ತಿಯ ಗಂಟೊಂದನ್ನು ನನ್ನ ಕೈಗಿಟ್ಟರು. “ಅವರಿಗೆ ಖಾರ ಆಗಂಗಿಲ್ರಿ. ಮಸರು ಬ್ಯಾರೆ ಕಟ್ಟೇನಿ,” ಎಂದರು. ಹೇಳಿಕೊಟ್ಟವನು ನಾನೆಂದು ಅವರಿಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಲಕೋಟೆಗೆ ಹದಿನೆಂಟು ಮೈಲು, ಪೊಲೀಸರ ಲಾರಿಯಲ್ಲಿ. ಅನಗವಾಡಿಯ ಹತ್ತಿರ ಹೊಳೆ ದಾಟುವಾಗ ಚಕ್ರ ಮರಳಲ್ಲಿ ಹೂತು ಎಲ್ಲರೂ ಇಳಿದೆವು. ನೀರು ಹಿಮ್ಮಡಿಯಷ್ಟಿತ್ತು. ಬುತ್ತಿಯನ್ನು ಅಲ್ಲೇ ಬಿಚ್ಚಿದೆವು. ಮಾಸ್ತರರು ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಕೊಟ್ಟು, ಇದು ಮುಧೋಳದಲ್ಲಿ ನೋಡಿದ ಹೊಳೆಯೇ ಅಲ್ಲವೇ ಎಂದು ಕೇಳಿದರು. ಹೌದೆಂದೆ. ಆ ಅರ್ಧ ರೊಟ್ಟಿಯನ್ನು ಬುತ್ತಿಯ ಬಟ್ಟೆಯಲ್ಲಿ ತಿರುಗಿ ಕಟ್ಟಿಟ್ಟೆ.

ಬಾಗಲಕೋಟೆಯ ಒಂದು ಕ್ರೈಸ್ತ ಶಾಲೆಯ ಶಿಕ್ಷಕಿಯೊಬ್ಬರು ಪ್ರಾರ್ಥನೆಯ ಹಾಡುಗಳನ್ನು ಆ ಲಿಪಿಯಿಂದಲೇ ಓದಿ ನುಡಿಸುತ್ತಿದ್ದರು. ಐವತ್ತು ದಾಟಿದ, ಬಿಳಿ ಸೀರೆಯ, ನಮ್ಮ ಕಡೆಯ ಹೆಂಗಸು. ಆದರೆ ಶಾಲೆಯ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದು ಎರಡು ತಿಂಗಳಾಗಿತ್ತು. ಫೌಜದಾರರು ನನ್ನ ಪೆಟ್ಟಿಗೆಯತ್ತ ನೋಡಿದರು. ನಾನು ತಿದಿ ಬಿಚ್ಚಿ, ತೊಗಲಿನ ಪಟ್ಟಿ ಕತ್ತರಿಸಿ ಸರೇಸಿನ ಅಂಟು ಹಚ್ಚಿದೆ. ಅದು ಒಣಗುವ ತನಕ ಎರಡೂ ಕಡೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಇಬ್ಬರು ಪೊಲೀಸರ ನಡುವೆ ಕುಳಿತಿದ್ದ ಮಾಸ್ತರರು ಕೇಳದೆಯೇ ಎದ್ದು ಬಂದು ಅಂಗೈ ಒತ್ತಿ ಹಿಡಿದರು. ಅರ್ಧ ತಾಸು ಹಾಗೆಯೇ ಎದುರುಬದುರು ಕುಳಿತೆವು. ಅವರ ಕಣ್ಣು ತಿದಿಯ ಮೇಲಿತ್ತು, ನನ್ನದು ನೆಲದ ಮೇಲೆ.

ಶಿಕ್ಷಕಿ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ನೋಡಿದರು. ಹೆಚ್ಚಿನವು ಮದುವೆಯ ಚಾಲುಗಳು, ಇದೊಂದು ಬೇರೆ ಎಂದು ಮೊದಲ ಹಾಳೆಯನ್ನು ತೋರಿಸಿದರು. ಎರಡೂ ಕೈಯಿಂದ ನುಡಿಸಬೇಕು, ಯಾರಾದರೂ ತಿದಿ ಹಾಕಿರಿ ಎಂದರು. ನಾನು ಹಿಂದೆ ಕುಳಿತು ಹಾಕತೊಡಗಿದೆ.

ಬನಹಟ್ಟಿಯ ಅಂಗಳದಲ್ಲಿ ಕೇಳಿದ ಚಾಲೇ. ಸ್ವರ ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಚುಕ್ಕೆಗಳ ಹಿಂದೆ ಬೇರೆ ಯಾವ ಗುಟ್ಟೂ ಇರಲಿಲ್ಲ. ಎರಡನೆಯ ಸಾಲಿಗೆ ಮಾಸ್ತರರು ಎದ್ದು ನಿಂತರು, ಬಲಗೈ ಎದೆಯ ಮೇಲೆ ಹೋಯಿತು. ಪೊಲೀಸರು ಹಿಡಿಯಲು ಮುಂದಾಗಿ, ಏನು ಮಾಡಬೇಕೆಂದು ತಿಳಿಯದೆ ಅವರ ಪಕ್ಕದಲ್ಲಿ ತಾವೂ ನೆಟ್ಟಗೆ ನಿಂತರು. ಫೌಜದಾರರು ಕುರ್ಚಿಯಿಂದ ಅರ್ಧ ಎದ್ದವರು, ತಾವೇಕೆ ಏಳುತ್ತಿದ್ದೇವೆಂದು ನೆನಪಾದಂತೆ ಒಂದು ಕ್ಷಣ ತಡೆದು, ಮತ್ತೆ ಪೂರ್ತಿಯೇ ನಿಂತು ಕಮರಪಟ್ಟಿ ಸರಿಮಾಡಿಕೊಂಡರು. ನಾನೂ ಏಳಬೇಕೆಂದುಕೊಂಡೆ. ಎದ್ದರೆ ಗಾಳಿ ನಿಲ್ಲುತ್ತದೆ, ಗಾಳಿ ನಿಂತರೆ ಹಾಡು ನಿಲ್ಲುತ್ತದೆ. ಕೊನೆಯವರೆಗೂ ಕುಳಿತೇ ತಿದಿ ಹಾಕಿದೆ. ಆ ದಿನ ಮಾಸ್ತರರು ಬಾಯಿ ತೆರೆದು ಹಾಡಿದರು. ಶಬ್ದಗಳು ನನಗೆ ತಿಳಿಯಲಿಲ್ಲ. ಸಣ್ಣ ದನಿ, ಕೊನೆಗೆ ಸ್ವಲ್ಪ ಒಡೆಯಿತು.

ಕೊನೆಯ ಸಾಲಿನ ಅರ್ಥವೇನೆಂದು ಶಿಕ್ಷಕಿ ಕೇಳಿದರು. ಈ ನೆಲಕ್ಕಾಗಿ ಸಾಯುವುದು ಎಂದು ಮಾಸ್ತರರು ಹೇಳಿದರು. ಅಷ್ಟೆಯೇ ಎಂದು ಕೇಳಿದರು ಆಕೆ. ಅಷ್ಟೆ ಎಂದರು.

“ಹಾಡು ಹೌದು, ಬ್ಯಾರೆ ಏನಿಲ್ಲ,” ಎಂದರು ಫೌಜದಾರರು. ಆದರೂ ಊರುಗಳ ಹೆಸರು, ಮೈಲುಗಳು ಉಳಿದಿದ್ದವು. ಅವು ಹೆಂಡತಿಗೆ ಬರೆದ ಕಾಗದಗಳು, ಮನಿಲಾಕ್ಕೆ ಟಪಾಲು ಹೋಗುವ ದಿನ ಬಂದರೆ ಒಟ್ಟಿಗೇ ಕಳಿಸಲು ಬರೆದಿಟ್ಟದ್ದು, ಎಲ್ಲೆಲ್ಲಿ ಹೋಗಿದ್ದೆನೆಂದು ಅವಳು ಕೇಳುತ್ತಾಳೆ ಎಂದರು ಮಾಸ್ತರರು. ಆ ಭಾಷೆ ಬಲ್ಲವರು ಬಾಗಲಕೋಟೆಯಲ್ಲಿ ಯಾರೂ ಇರಲಿಲ್ಲ. ಮೇಲಿನವರು ನೋಡಬೇಕಾಗುತ್ತದೆ ಎಂದು ಫೌಜದಾರರು ಪುಸ್ತಕವನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು. ಪರವಾನಗಿ ಮೀರಿ ಬಂದದ್ದಕ್ಕೆ ಒಬ್ಬ ಪೊಲೀಸನ ಜೊತೆ ಮುಂಬೈಗೆ ತಿರುಗಿ ಕಳಿಸುವುದೆಂದು ಬರೆದರು. ನನ್ನನ್ನು ಮತ್ತೇನೂ ಕೇಳಲಿಲ್ಲ. ಮನೆಗೆ ಹೋಗು ಎಂದರು.

ವಿಜಾಪುರದ ಕಡೆಯ ಗಾಡಿ ಮೂರು ಗಂಟೆಗಿತ್ತು, ಗದಗಿನ ಕಡೆಯ ನನ್ನ ಗಾಡಿ ಐದಕ್ಕೆ. ಸ್ಟೇಷನ್ನಿನಲ್ಲಿ ಮಾಸ್ತರರು ಬೆಂಚಿನ ಮೇಲೆ ಕಾರ್ನೆಟ್ಟಿನ ಪೆಟ್ಟಿಗೆ ಮಡಿಲಲ್ಲಿಟ್ಟು ಕುಳಿತಿದ್ದರು. ಪೊಲೀಸ ತುಸು ದೂರ ಬೀಡಿ ಸೇದುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಪುಸ್ತಕದ ವಿಷಯ ಹೇಳಿದವನು ನಾನೇ ಎಂದೆ. ತಮ್ಮನ ಸಂಗತಿಯನ್ನೂ ಹೇಳಿದೆ, ಅವನು ಏನು ಮಾಡಿ ಜೈಲಿಗೆ ಹೋದನೆಂಬುದನ್ನೂ. ಅಷ್ಟು ದಿನದಲ್ಲಿ ಅದನ್ನು ಹೊರಗಿನವರೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

ಅವರು ಮಡಿಲಿನ ಪೆಟ್ಟಿಗೆಯ ಕೊಂಡಿಯನ್ನು ಒತ್ತಿ ಭದ್ರ ಮಾಡಿದರು. ಆಮೇಲೆ, ನನಗೆ ಗೊತ್ತಿತ್ತು ಎಂದರು. ಪೊಲೀಸರ ಕೈ ನೇರ ಒಳಜೇಬಿಗೆ ಹೋದಾಗಲೇ ತಿಳಿಯಿತಂತೆ. ಆ ಕೋಟಿನ ಹತ್ತಿರ ಮಲಗುತ್ತಿದ್ದವನು ನೀನೊಬ್ಬನೇ ಅಲ್ಲವೇ ಎಂದರು.

ಗೊತ್ತಿದ್ದೂ ಹೊಳೆಯಲ್ಲಿ ರೊಟ್ಟಿ ಮುರಿದು ಕೊಟ್ಟಿರಿ, ತಿದಿ ಹಿಡಿದಿರಿ, ನನ್ನ ಜೊತೆ ಮಾತಾಡಿದಿರಿ, ಏಕೆ ಎಂದು ಕೇಳಿದೆ.

“ನನ್ನ ಮಾತು ತಿಳಿಯುವವರು ಮತ್ತೆ ಯಾರಿದ್ದರು?” ಎಂದರು.

ಕ್ಷಮಿಸಿದೆನೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಗಾಡಿ ಬಂತು. ಸಿಪಾಯಿಗಳ ನೂಕಾಟದಲ್ಲಿ ಅವರಿಬ್ಬರೂ ಹೇಗೋ ಒಂದು ಡಬ್ಬಿ ಹತ್ತಿದರು. ಕಿಟಕಿಯ ಪಕ್ಕದಲ್ಲಿ ಅವರಿಗೆ ಜಾಗ ಸಿಕ್ಕಿತು. ಗಾಡಿ ಹೊರಟಾಗ ನಾನು ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದೆ. ಅವರು ಹೊರಗೆ ನೋಡಲಿಲ್ಲ. ದೂರದ ಗುಡ್ಡದತ್ತ ಬೆರಳು ತೋರಿಸಿ, ಪಕ್ಕದಲ್ಲಿ ಕುಳಿತ ಪೊಲೀಸನನ್ನು ಏನೋ ಕೇಳುತ್ತಿದ್ದರು. ಆ ಪೊಲೀಸನಿಗೆ ಹಿಂದೂಸ್ತಾನಿ ಬರುತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.